ನಲವತ್ತೆಂಟನೆಯ ಸರದಿ

ದೇಶವನ್ನು ಹತ್ತೇ ನಿಮಿಷದಲ್ಲಿ ಉದ್ಧಾರ ಮಾಡಬಹುದೆಂಬ ಸಂಗತಿ ಸದಾಶಿವಯ್ಯನವರಿಗೆ ತಿಳಿದದ್ದು ಅವರ ಅರವತ್ತನೆಯ ವಯಸ್ಸಿನಲ್ಲಿ, ಶ್ರೀರಾಂಪುರದ ತಮ್ಮದೇ ಮನೆಯ ಮಹಡಿಯ ಮೇಲೆ. ಅಲ್ಲಿ ಬಾಡಿಗೆಗಿದ್ದ ರಕ್ಷಿತಾ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಪ್ರೌಢಶಾಲೆಗಳಿಗೆ ಹಂಚಲು ಒಂದು ಟ್ರಸ್ಟಿನವರು ಅವಳಿಂದ ಆಟವೊಂದನ್ನು ಮಾಡಿಸುತ್ತಿದ್ದರು. ಹೆಸರು 'ನಾಡು ಕಟ್ಟೋಣ'. ಆಡುವವನೇ ಪ್ರಧಾನಮಂತ್ರಿ. ಮೂರು ತಿಂಗಳಿಗೊಂದು ಸರದಿಯಂತೆ ಐದು ವರ್ಷಕ್ಕೆ ಇಪ್ಪತ್ತು ಸರದಿ. ತೆರಿಗೆ ಏರಿಸಬಹುದು, ಶಾಲೆ ತೆರೆಯಬಹುದು, ಅಣೆಕಟ್ಟು ಕಟ್ಟಬಹುದು. ಕೊನೆಯಲ್ಲಿ ನೂರಕ್ಕೆ ಎಷ್ಟು ಅಂಕ ಎಂದು ಯಂತ್ರವೇ ಹೇಳಿಬಿಡುತ್ತದೆ.

"ಹುಡುಗರು ಹತ್ತು ನಿಮಿಷಕ್ಕೆ ಗೆದ್ದುಬಿಡ್ತಾರೆ ಸರ್," ಎಂದು ರಕ್ಷಿತಾ 2003ರ ಜನವರಿಯ ಒಂದು ಭಾನುವಾರ ಅವರನ್ನು ಮೇಲಕ್ಕೆ ಕರೆದು ತೋರಿಸಿದಳು. "ಟ್ರಸ್ಟಿನವರು ಬೈದರು. ದೇಶದ ಸಮಸ್ಯೆಗಳು ಇದ್ದ ಹಾಗೆ ಇರಬೇಕಂತೆ. ನೀವು ಮೂವತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ ಇದ್ದವರು. ಸ್ವಲ್ಪ ಹೇಳಿಕೊಡಿ."

ಸದಾಶಿವಯ್ಯನವರು ಕನ್ನಡಕ ಏರಿಸಿ ಪರದೆ ನೋಡಿದರು. ಹಸಿರು ಹೊಲ, ನೀಲಿ ನದಿ, ಮೂಲೆಯಲ್ಲಿ ನಗುವ ಸೂರ್ಯ.

"ನಿಮ್ಮ ದೇಶದಲ್ಲಿ ಮಳೆ ವರ್ಷಾ ವರ್ಷಾ ಸರಿಯಾದ ಟೈಮಿಗೆ ಬರುತ್ತಾ?"

"ಬರುತ್ತೆ ಸರ್."

"ಪುಣ್ಯವಂತರು ಬಿಡಿ," ಎಂದರು.

ಅಂದಿನಿಂದ ಅವರಿಗೆ ಹೊಸ ಜೀವ ಬಂದಂತಾಯಿತು. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಎಣಿಸಲು ಏನೂ ಸಿಗದೆ ಬೀದಿಯಲ್ಲಿ ಹೋಗುವ ಸಿಟಿ ಬಸ್ಸು ಎಣಿಸುತ್ತಾರೆ ಎಂದು ಹೆಂಡತಿ ಪಾರ್ವತಮ್ಮ ನೆಂಟರ ಮುಂದೆಲ್ಲ ಅವರ ಮಾನ ಕಳೆಯುತ್ತಿದ್ದರು. ಈಗ ಕಾಫಿ ಕುಡಿದವರೇ ರೂಲು ಎಳೆದ ಹಾಳೆ ಹಿಡಿದು ಮಹಡಿ ಹತ್ತುತ್ತಿದ್ದರು. ಮಳೆ ನಾಲ್ಕು ವರ್ಷದಲ್ಲಿ ಒಂದು ವರ್ಷ ಕೈಕೊಡುವಂತೆ ಮಾಡಿಸಿದರು. ಈರುಳ್ಳಿ ಬೆಲೆ ಏರಿದರೆ ಸರ್ಕಾರ ಅಲುಗಾಡುವಂತೆ ಮಾಡಿಸಿದರು. ಲಾರಿ ಮುಷ್ಕರ ಸೇರಿಸಿದರು. ಒಂದು ಗಾಳಿಸುದ್ದಿಗೆ ಎರಡು ಊರು ಹತ್ತಿ ಉರಿಯುವುದನ್ನೂ ಸೇರಿಸಿದರು. ಅದನ್ನು ಬರೆಸುವಾಗ ಮಾತ್ರ ಅವರ ದನಿ ಸಣ್ಣದಾಗಿತ್ತು. ನೂರು ಅಂಕ ತೆಗೆಯುತ್ತಿದ್ದ ಹುಡುಗರು ನಲವತ್ತಕ್ಕೆ ಇಳಿದರೆಂದು ರಕ್ಷಿತಾ ಕುಣಿದಾಡಿದಳು. ನಮ್ಮ ದೇಶ ನಲವತ್ತು ಅಂಕಕ್ಕೆ ಇಳಿದದ್ದನ್ನು ಕಂಡು ಅಷ್ಟು ಸಂತೋಷಪಟ್ಟವರು ಇನ್ನೊಬ್ಬರಿರಲಾರರು.

ಆಮೇಲೆ ಒಂದು ದಿನ ಸದಾಶಿವಯ್ಯನವರು ಪರದೆಯನ್ನೇ ನೋಡುತ್ತ, "ಇದರಲ್ಲಿ ಇನ್ನೂ ಒಂದು ದೊಡ್ಡ ಸುಳ್ಳು ಉಳಿದುಕೊಂಡಿದೆ ಕಣಮ್ಮ," ಎಂದರು.

"ಯಾವುದು ಸರ್?"

"ನಿಮ್ಮ ಪ್ರಧಾನಿಗೆ ಎಲ್ಲಾ ಗೊತ್ತು. ಎಷ್ಟು ಜನಕ್ಕೆ ಅನ್ನ ಇಲ್ಲ, ಎಷ್ಟು ಜನಕ್ಕೆ ಮನೆ ಇಲ್ಲ, ಒತ್ತಿದ ಕೂಡಲೆ ಕಾಣುತ್ತೆ. ನಿಜವಾದ ಮಂತ್ರಿಗೆ ಎಲ್ಲಿ ಕಾಣುತ್ತೆ? ಅವನಿಗೆ ಕಾಣೋದು ಗುಮಾಸ್ತ ಬರೆದಿದ್ದು. ಗುಮಾಸ್ತ ಬರೆಯದೆ ಬಿಟ್ಟಿದ್ದು ಅವನ ಪಾಲಿಗೆ ಈ ದೇಶದಲ್ಲೇ ಇಲ್ಲ."

ರಕ್ಷಿತಾಳ ಕಣ್ಣು ಅರಳಿತು. ಅವಳು ಅಂದೇ ಆಟದೊಳಗೆ ಎರಡು ಪಟ್ಟಿ ಮಾಡಿದಳು. ಒಂದು ನಿಜದ ಪಟ್ಟಿ. ಅದು ಯಂತ್ರದ ಹೊಟ್ಟೆಯೊಳಗೇ ಇರುತ್ತದೆ. ಇನ್ನೊಂದು ವರದಿಯ ಪಟ್ಟಿ. ಆಡುವವನಿಗೆ ಕಾಣುವುದು ಅದೊಂದೇ. ಆಟ ಮುಗಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುವುದು.

"ಎರಡಕ್ಕೂ ಎಷ್ಟು ವ್ಯತ್ಯಾಸ ಇಡಲಿ ಸರ್?"

"ನೂರಕ್ಕೆ ಎರಡು."

"ಯಾಕೆ ತಪ್ಪಾಗುತ್ತೆ ಅಂತ ಕಾರಣಗಳನ್ನೂ ಬರೆದುಕೊಡಿ. ಕಾರಣ ಇಲ್ಲದೆ ಯಂತ್ರಕ್ಕೆ ಹೇಳೋಕೆ ಬರೋಲ್ಲ."

ಸದಾಶಿವಯ್ಯನವರು ಹಾಳೆ ತೆಗೆದುಕೊಂಡರು. ರಸ್ತೆ ಇಲ್ಲ. ಹೊಳೆ ತುಂಬಿತ್ತು. ಜನ ಕೂಲಿಗೆ ಹೋಗಿದ್ದರು. ಅಧಿಕಾರಿ ರಜೆ. ಇಷ್ಟು ಬರೆದರು. ಐದನೆಯ ಸಾಲಿನ ಮುಂದೆ ಸಂಖ್ಯೆ ಹಾಕಿ ಪೆನ್ನು ಹಿಡಿದು ಕೂತರು. ಒಂದು ಅಕ್ಷರವೂ ಇಳಿಯಲಿಲ್ಲ. ಆ ಸಂಖ್ಯೆಯನ್ನು ಹೊಡೆದುಹಾಕಿ ಹಾಳೆ ಕೊಟ್ಟು ಕೆಳಗೆ ಬಂದರು.

*

ಸೋಮವಾರ ಬೆಳಿಗ್ಗೆ ಸದಾಶಿವಯ್ಯನವರು ಲಿಂಗಪೂಜೆಗೆ ಬಿಲ್ವಪತ್ರೆ ತರಲು ದೇವರಾಜ ಮೊಹಲ್ಲಾಕ್ಕೆ ಹೋಗುತ್ತಿದ್ದರು. ಶ್ರೀರಾಂಪುರದಲ್ಲೇ ಪತ್ರೆ ಸಿಗುತ್ತಿತ್ತು. ಎದುರು ಮನೆಯ ಕಾಂಪೌಂಡಿನೊಳಗೆ ಮರವೇ ಇತ್ತು. ಆದರೂ ಎಂಟು ವರ್ಷದಿಂದ ಬಸ್ಸು ಹತ್ತಿ ಹೋಗಿ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಗೋಣಿಚೀಲ ಹಾಸಿ ಕೂರುವ ಮಂಗಳಮ್ಮನ ಹತ್ತಿರವೇ ಕೊಳ್ಳುತ್ತಿದ್ದರು. ಹಾಲಿನವನ ಜೊತೆ, ಸೊಪ್ಪಿನವಳ ಜೊತೆ ಚೌಕಾಸಿ ಮಾಡಿ ಪ್ರಾಣ ಹಿಂಡುವ ಮನುಷ್ಯ ಅಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಮಂಗಳಮ್ಮನಿಗೆ ಅವರು 'ಆಫೀಸು ಸ್ವಾಮಿ'. ಅದಕ್ಕೆ ಕಾರಣವಿತ್ತು. ಅವಳ ಊರು ಮಾದನಕೊಪ್ಪಲು ಸುಣ್ಣದಹೊಳೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಊರವರಿಗೆಲ್ಲ ಬದಲಿ ನಿವೇಶನ ಸಿಕ್ಕಿತು, ಅವಳಿಗೂ ಅವಳ ಗಂಡ ಚಾಮಯ್ಯನಿಗೂ ಸಿಗಲಿಲ್ಲ. 1995ರಲ್ಲಿ ಅರ್ಜಿ ಹಿಡಿದು ಕಚೇರಿಗೆ ಬಂದಾಗ ಎಲ್ಲರೂ ಗದರಿ ಕಳಿಸಿದರು. ಒಬ್ಬರು ಮಾತ್ರ ಎದ್ದು, ಕೂರಿಸಿ, ನೀರು ಕೊಟ್ಟು, ದೊಡ್ಡ ಪುಸ್ತಕ ತೆಗೆದು ನೋಡಿ, "ಸರ್ವೆ ದಿನ ನಿಮ್ಮ ಮನೆ 'ವಾಸವಿಲ್ಲ' ಅಂತ ಬರೆದಿದೆ ಕಣಮ್ಮ, ಏನೂ ಮಾಡೋಕಾಗಲ್ಲ," ಎಂದು ಮೆತ್ತಗೆ ಹೇಳಿದ್ದರು. ಆ ಒಬ್ಬರು ಸದಾಶಿವಯ್ಯ. ಆ ಕಚೇರಿಯಲ್ಲಿ ಮನುಷ್ಯತ್ವ ಇದ್ದದ್ದು ಅವರೊಬ್ಬರಿಗೇ ಎಂದು ಮಂಗಳಮ್ಮ ಇಂದಿಗೂ ನಂಬಿದ್ದಳು. ಅದಕ್ಕೇ ಅವರಿಗೆ ಒಂದು ಹಿಡಿ ಪತ್ರೆ ಯಾವಾಗಲೂ ಜಾಸ್ತಿ.

ಫೆಬ್ರವರಿಯ ಮೊದಲ ಸೋಮವಾರ ಅವಳು ಪತ್ರೆ ಕಟ್ಟುವುದನ್ನು ಬಿಟ್ಟು ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದಳು.

"ಸ್ವಾಮಿ, ಇದು ಏನು ಅಂತ ವಸಿ ನೋಡ್ಬುಟ್ಟು ಯೋಳಿ."

ಪುನರ್ವಸತಿ ಕಚೇರಿಯ ನೋಟೀಸು. ಪಟ್ಟಿಯಿಂದ ಬಿಟ್ಟುಹೋದವರ ಕೊನೆಯ ವಿಚಾರಣೆ ಇಪ್ಪತ್ತನಾಲ್ಕನೆಯ ತಾರೀಕು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ. ಸರ್ವೆಯ ಕಾಲದಲ್ಲಿ ಮನೆಯಲ್ಲಿ ವಾಸವಿದ್ದರೆಂದು ದಾಖಲೆಯಿಂದಾಗಲಿ ಸರ್ಕಾರಿ ಸಾಕ್ಷಿಯಿಂದಾಗಲಿ ತೋರಿಸಬೇಕು. ಇಲ್ಲವಾದರೆ ಅರ್ಜಿ ಶಾಶ್ವತವಾಗಿ ವಜಾ.

"ಸರ್ಕಾರಿ ಸಾಕ್ಷಿ ಅಂದ್ರೆ ಯಾರು ಸ್ವಾಮಿ?"

"ಸರ್ವೆಗೆ ಬಂದಿದ್ದ ನೌಕರ."

"ಅವ್ನು ಯಾರೋ, ಎಲ್ಲವ್ನೋ, ಬದುಕವ್ನೋ ಇಲ್ವೋ," ಎಂದು ಮಂಗಳಮ್ಮ ಕಾಗದ ಮಡಚಿದಳು. "ಅವ್ನ್ ತಪ್ಪೂ ಅಲ್ಲ ಬುಡಿ. ತಪ್ಪು ನಂದೇಯ. ನಮ್ ಅತ್ತೆ ಕೆಟ್ಟ ನಕ್ಷತ್ರದಲ್ಲಿ ತೀರೋದ್ರು. ಮೂರು ತಿಂಗ್ಳು ಮನೆಗೆ ಮುಳ್ಳು ಆಕಿ ಒಲದ ಗುಡಿಸ್ಲಲ್ಲಿ ಇದ್ವಿ. ಒಳಗೆ ರಾಗಿ ಇತ್ತು, ಮಕ್ಳಿಗೆ ಇಟ್ಟು ಇರ್ನಿಲ್ಲ. ನಾನು ಎರಡು ದಿನ ಮುಂಚೆಯೇ ಮುಳ್ಳು ತೆಗೆದ್ಬುಟ್ಟೆ. ಆ ದೋಸ ತಗಲಿಯೇ ಪಟ್ಟೀಲಿ ಎಸರು ಅಳಿಸ್ಕೊಂಡು ಓಯ್ತು ಅಂತ ನಮ್ಮೋರು ಸಾಯೋಗಂಟ ಅಂದ್ರು. ಕೊನೆಗಾಲ್ದಲ್ಲಿ ನನ್ ಕೈಲಿ ನೀರೂ ಇಸ್ಕೊಳ್ನಿಲ್ಲ."

ಚಾಮಯ್ಯ ಮಂಡಿ ಮೊಹಲ್ಲಾದಲ್ಲಿ ಮೂಟೆ ಹೊತ್ತು, ಎರಡು ವರ್ಷದ ಹಿಂದೆ ಸತ್ತಿದ್ದ. ಸತ್ತದ್ದು ಸದಾಶಿವಯ್ಯನವರಿಗೆ ಗೊತ್ತಿತ್ತು. ಹೀಗೆ ಅಂದುಕೊಂಡು ಸತ್ತ ಎಂಬುದು ಗೊತ್ತಿರಲಿಲ್ಲ. ಪತ್ರೆಯ ಕಟ್ಟು ಚೀಲಕ್ಕೆ ಹಾಕಿಕೊಂಡು, "ದೇವರಿದ್ದಾನೆ ಕಣಮ್ಮ," ಎಂದು ಯಾರು ಬೇಕಾದರೂ ಹೇಳಬಹುದಾದ ಮಾತು ಹೇಳಿ ಬಸ್ ಸ್ಟಾಪಿನ ಕಡೆ ನಡೆದರು.

*

ಸರ್ವೆಗೆ ಬಂದಿದ್ದ ನೌಕರ ಬದುಕಿದ್ದ. ಸೋಮವಾರ ಸೋಮವಾರ ಅವಳಿಂದಲೇ ಪತ್ರೆ ಕೊಳ್ಳುತ್ತಿದ್ದ.

1991ರ ಫೆಬ್ರವರಿಯಲ್ಲಿ ಮಾದನಕೊಪ್ಪಲಿನ ಮನೆಗಳನ್ನು ಬರೆದುಕೊಂಡದ್ದು ಸದಾಶಿವಯ್ಯನವರೇ. ನಲವತ್ತೆರಡು ಮನೆ ಬರೆದಿದ್ದರು. ನಲವತ್ತಮೂರನೆಯದರ ಬಾಗಿಲಿಗೆ ಅಡ್ಡಲಾಗಿ ಜಾಲಿಮುಳ್ಳಿನ ಕೊಂಬೆ ಬಡಿದಿತ್ತು. ಅದು ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೆಟ್ಟ ಗಳಿಗೆಯಲ್ಲಿ ಸಾವಾದ ಮನೆಯಲ್ಲಿ ಮೂರು ತಿಂಗಳು ಯಾರೂ ಇರಬಾರದು, ಹೊಸ್ತಿಲು ತುಳಿಯಬಾರದು. ಲಿಂಗ ಕಟ್ಟಿದವರಿಗೆ ಇದೆಲ್ಲ ಇಲ್ಲ ಎಂದು ಮಠದಲ್ಲಿ ಹೇಳುತ್ತಿದ್ದರೂ, ಅವರ ತಾಯಿ ಸತ್ತಾಗ ಅವರ ಮನೆಯವರೂ ಬಾಗಿಲಿಗೆ ಮುಳ್ಳು ಬಡಿದು ಚಿಕ್ಕಪ್ಪನ ಜಗಲಿಯಲ್ಲಿ ಮೂರು ತಿಂಗಳು ಕಳೆದಿದ್ದರು. ಮುಳ್ಳಿರುವ ಮನೆ ಎಂದರೆ ಪಾಳು ಮನೆಯಲ್ಲ. ಒಳಗೆ ರಾಗಿ ಇರುತ್ತದೆ, ಹೊರಗೆಲ್ಲೋ ಜನ ದಿನ ಎಣಿಸುತ್ತಿರುತ್ತಾರೆ.

ಪಕ್ಕದ ಮನೆಯ ಮುದುಕನೊಬ್ಬ ಹೇಳಿಯೂ ಹೇಳಿದ: "ಚಾಮಯ್ಯನ್ ಮನೆ ಬುದ್ಧಿ. ಒಲದಲ್ಲವ್ರೆ. ಕೂಗ್ಲಾ?"

ಆ ವಾರವೇ ಶ್ರೀರಾಂಪುರದಲ್ಲಿ ಸದಾಶಿವಯ್ಯನವರ ಹೊಸ ಮನೆಯ ಗೃಹಪ್ರವೇಶ. ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿಸಿದ ಮನೆ. ಶುಕ್ರವಾರ ಹೊಸ ಹೊಸ್ತಿಲು ದಾಟಬೇಕಾದ ಕಾಲಿನಲ್ಲಿ ಬುಧವಾರ ಸೂತಕದ ಹೊಸ್ತಿಲ ಹತ್ತಿರ ಹೋಗುವುದೇ? ಆ ಮನೆಯವರ ಮುಖ ನೋಡುವುದೇ? ಅವರು ಬೀದಿಯ ಈಚೆ ಬದಿಯಲ್ಲೇ ನಿಂತರು. ಫಾರಮ್ಮಿನಲ್ಲಿ ಇದ್ದದ್ದು ಎರಡೇ ಅಂಕಣ, ವಾಸವಿದೆ ಮತ್ತು ವಾಸವಿಲ್ಲ. ಮುಳ್ಳಿಗೆ ಅಂಕಣವಿರಲಿಲ್ಲ. "ಬೇಡ, ಎರಡನೇ ಸುತ್ತಿಗೆ ಬರ್ತೀನಿ," ಎಂದು ಮುದುಕನಿಗೆ ಹೇಳಿ, ವಾಸವಿಲ್ಲ ಎಂದು ಬರೆದು, ಜೀಪು ಹತ್ತಿದರು. ಎರಡನೆಯ ಸುತ್ತು ನಡೆಯಲೇ ಇಲ್ಲ. ಮೇಲಿನವರು ಮೊದಲ ಪಟ್ಟಿಗೇ ಮೊಹರು ಒತ್ತಿದರು. ಆಗಲಾದರೂ ಒಂದು ಸಾಲು ಬರೆದು ಕಳಿಸಬಹುದಿತ್ತು. ತನ್ನ ಎಣಿಕೆ ತಪ್ಪೆಂದು ನೌಕರನೇ ಬರೆದುಕೊಟ್ಟರೆ ಪಟ್ಟಿ ತಿದ್ದಲು ಅವಕಾಶವಿತ್ತು. ಬರೆದವನ ಮೇಲೆ ವಿಚಾರಣೆಗೂ ಅವಕಾಶವಿತ್ತು. ನಾಳೆ ಬರೆಯೋಣ ಎಂದುಕೊಂಡರು. ಆಮೇಲೆ ಬಡ್ತಿ ಬರುವ ಕಾಲ. ಆಮೇಲೆ ನಿವೃತ್ತಿಯ ಕಾಲ. ಕೆಟ್ಟ ಮನುಷ್ಯನಾಗಿದ್ದರೆ ಮರೆತಾದರೂ ಬಿಡುತ್ತಿದ್ದರು. ಅವರು ಕೆಟ್ಟವರಲ್ಲ, ಬರೀ ಪುಕ್ಕಲು. ಆದ್ದರಿಂದ ಮರೆಯಲೂ ಆಗಲಿಲ್ಲ, ಹೇಳಲೂ ಆಗಲಿಲ್ಲ, ಪತ್ರೆ ಕೊಳ್ಳುತ್ತ ಕಾಲ ಹಾಕಿದರು.

*

ಫೆಬ್ರವರಿ ಇಪ್ಪತ್ತಮೂರು, ಭಾನುವಾರ ಮಧ್ಯಾಹ್ನ. ಆಟ ಮಂಗಳವಾರ ಟ್ರಸ್ಟಿಗೆ ಹೋಗಬೇಕಿತ್ತು. ಕಂಪ್ಯೂಟರನ್ನು ಎಂದೂ ಮುಟ್ಟದವರೊಬ್ಬರು ಆಡಿ ನೋಡಲಿ ಎಂದು ರಕ್ಷಿತಾ ಪಾರ್ವತಮ್ಮನನ್ನು ಕುರ್ಚಿಯ ಮೇಲೆ ಕೂರಿಸಿದಳು. ಪಾರ್ವತಮ್ಮ ಮೌಸನ್ನು ಒಬ್ಬಟ್ಟು ಲಟ್ಟಿಸುವಂತೆ ಅಂಗೈಯಲ್ಲಿ ಒತ್ತಿ ಹಿಡಿದು, ದೇಶದ ಅಧಿಕಾರ ವಹಿಸಿಕೊಂಡರು.

ಹೆಂಗಸು ಜೋರಾಗಿಯೇ ಆಳಿದರು. ಈರುಳ್ಳಿಗೆ ಬೆಲೆ ಕಟ್ಟಿದರು, ಮುಷ್ಕರದವರನ್ನು ಕರೆದು ಮಾತಾಡಿದರು, ಆರನೆಯ ಸರದಿಯಲ್ಲಿ ಮಳೆ ಕೈಕೊಟ್ಟಾಗ ಅಣೆಕಟ್ಟು ಕಟ್ಟಿಸಿದರು. 'ನಾಲ್ಕು ಸಾವಿರದ ಇನ್ನೂರು ಮನೆ ಸ್ಥಳಾಂತರ. ನಾಲ್ಕು ಸಾವಿರದ ಇನ್ನೂರು ಮನೆಗೆ ಪುನರ್ವಸತಿ' ಎಂದು ವರದಿ ಬಂತು. "ನೋಡಿ, ಒಂದು ಮನೆ ಬಿಡದ ಹಾಗೆ ಕೊಟ್ಟಿದ್ದೀನಿ," ಎಂದು ಗಂಡನ ಕಡೆ ತಿರುಗಿ ಬೀಗಿದರು. ಸದಾಶಿವಯ್ಯನವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಇಪ್ಪತ್ತು ಸರದಿ ಮುಗಿಯಿತು. ಎಪ್ಪತ್ತೊಂದು ಅಂಕ. ಆಮೇಲೆ ಪರದೆ ಎರಡು ಭಾಗವಾಯಿತು. ಎಡಗಡೆ ವರದಿಯ ಪಟ್ಟಿ, ಬಲಗಡೆ ನಿಜದ ಪಟ್ಟಿ. ಬಲಗಡೆಯ ಕೊನೆಯಲ್ಲಿ ಒಂದು ಸಾಲು: 'ಎಣಿಕೆಗೆ ಬಾರದ ಮನೆಗಳು: ಎಂಬತ್ತನಾಲ್ಕು.'

ಪಾರ್ವತಮ್ಮನ ಮುಖ ಸಪ್ಪಗಾಯಿತು. "ಇವರ್ಯಾರು?"

"ಅಣೆಕಟ್ಟಿನಲ್ಲಿ ಮನೆ ಕಳೆದುಕೊಂಡವರು ಆಂಟಿ. ಪಟ್ಟೀಲಿ ಸೇರಲಿಲ್ಲ."

"ಎಲ್ಲಿ ಹೋದರು ಮತ್ತೆ?"

"ಅದು ಆಟದಲ್ಲಿ ಇಲ್ಲ."

"ಅವರಿಗೂ ಮನೆ ಕೊಡು ಹಾಗಾದ್ರೆ. ಎಲ್ಲಿ ಒತ್ತಬೇಕು ಹೇಳು."

"ಕೊಡೋಕಾಗಲ್ಲ ಆಂಟಿ. ನೀವು ಆಳುವಾಗ ಅವರು ಕಾಣೋದೇ ಇಲ್ಲ."

"ಇದೊಳ್ಳೆ ಕತೆ," ಎಂದು ಪಾರ್ವತಮ್ಮ ಮೌಸು ತಳ್ಳಿದರು. "ಮತ್ತೆ ಎಣಿಸೋದಕ್ಕೆ ಒಂದು ಬಟನ್ ಇಡಮ್ಮ. ಎಣಿಸಿದವನು ಮನುಷ್ಯ ತಾನೆ? ತಪ್ಪಿದ್ದೀನಿ ಅಂತ ಅವನಿಗೇ ಗೊತ್ತಿರಲ್ವೇ?"

ರಕ್ಷಿತಾ ಯೋಚಿಸಿದಳು. ಸದಾಶಿವಯ್ಯನವರ ಕಡೆ ತಿರುಗಿ, "ಹೌದಾ ಸರ್? ನಿಜವಾಗಿ ಅಂಥಾದ್ದು ಇದೆಯಾ?" ಎಂದಳು.

"ಇದೆ. ಬರೆದವನೇ, ನಾನು ತಪ್ಪು ಬರೆದೆ ಅಂತ ಬರೆದುಕೊಟ್ಟರೆ ತಿದ್ದಬಹುದು."

"ಹಾಗೆ ಬರೆದುಕೊಟ್ಟವರು ಇದ್ದಾರಾ?"

"ನನಗೆ ತಿಳಿದ ಹಾಗೆ ಒಬ್ಬರೂ ಇಲ್ಲ."

"ಹಾಗಾದ್ರೆ ಸೊನ್ನೆ ಹಾಕಬೇಕಾಗುತ್ತೆ," ಎಂದು ರಕ್ಷಿತಾ ಕೀಲಿಮಣೆಯ ಮೇಲೆ ಕೈ ಇಟ್ಟಳು. ಅವಳು ಹೊಟ್ಟೆಯಲ್ಲಿ ಏನೋ ಇಟ್ಟುಕೊಂಡು ಕೇಳಿದ್ದಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಸಂಖ್ಯೆ. "ಇಂಥ ತಪ್ಪು ಸಾವಿರ ಆದರೆ, ಎಷ್ಟು ಜನ ಒಪ್ಪಿಕೊಳ್ತಾರೆ ಅಂತ ಇಡಲಿ ಸರ್? ನೀವು ಹೇಳಿದ್ದೇ ಹಾಕ್ತೀನಿ. ಸೊನ್ನೆ ಅಂದ್ರೆ ಸೊನ್ನೆ."

ಸದಾಶಿವಯ್ಯನವರು ಆ ಬೆರಳನ್ನೇ ನೋಡಿದರು. ಅದು ಸೊನ್ನೆಯ ಕೀಲಿಯ ಮೇಲೆ ನಿಂತಿತ್ತು. ಅವಳು ಅದನ್ನು ಒತ್ತಿದರೆ ನಾಳೆ ನಾಡಿದ್ದು ನೂರಾರು ಶಾಲೆಯ ಮಕ್ಕಳು ಅದನ್ನೇ ನಿಜ ಎಂದು ಕಲಿಯುತ್ತಾರೆ. ನಿಜವೇ ತಾನೆ. ಈ ಮನೆಯ ಮಟ್ಟಿಗೆ ಹನ್ನೆರಡು ವರ್ಷದಿಂದ ಅದೇ ನಿಜ.

"ನಾಳೆ ಸಾಯಂಕಾಲ ಹೇಳ್ತೀನಿ," ಎಂದು ಎದ್ದರು.

ಕೆಳಗೆ ಬಂದ ಪಾರ್ವತಮ್ಮನಿಗೆ ಗಂಡ ನಡುಮನೆಯಲ್ಲಿ ನಿಂತೇ ಇದ್ದದ್ದು ಕಂಡಿತು. ಅವರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಮುಳ್ಳು, ಮುದುಕ, ಗೃಹಪ್ರವೇಶ, ಪುಸ್ತಕ ತೆಗೆದು ತಮ್ಮದೇ ಅಕ್ಷರವನ್ನು ಬೇರೆಯವರದೆಂಬಂತೆ ಓದಿ ಹೇಳಿದ್ದು, ಪತ್ರೆ, ಚಾಮಯ್ಯ ಸತ್ತದ್ದು. ಪಾರ್ವತಮ್ಮ ಹೊಸ್ತಿಲ ಕಡೆ ತಿರುಗಿ ನೋಡಿದರು.

"ಕ್ಯಾಂಪಿಂದ ಬಂದವರೇ ಅವತ್ತು ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕ್ಕೊಂಡ್ರಿ," ಎಂದರು. "ನಾನು ಧೂಳು ಅಂದ್ಕೊಂಡೆ."

"ಪೆನ್ಷನ್ನಿಗೆ ಏಟು ಬೀಳಬಹುದು ಪಾರ್ವತಿ. ಪೇಪರಿನಲ್ಲಿ ಹೆಸರು ಬರಬಹುದು."

"ಬರಲಿ," ಎಂದರು ಪಾರ್ವತಮ್ಮ. ಅವರ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. "ಹನ್ನೆರಡು ವರ್ಷ ಈ ಹೊಸ್ತಿಲಿಗೆ ನನ್ನ ಕೈಲಿ ಅರಿಶಿನ ಕುಂಕುಮ ಇಡಿಸಿದ್ದೀರಿ. ಒಂದು ಮಾತು ನನಗೆ ಹೇಳಬೇಕು ಅನ್ನಿಸಲಿಲ್ವಲ್ಲ ನಿಮಗೆ."

*

ಮರುದಿನ ಸೋಮವಾರ. ಶಿವರಾತ್ರಿಗೆ ಇನ್ನು ಐದೇ ದಿನ. ಓಣಿಯಲ್ಲಿ ಪತ್ರೆಗೆ ಜನ ಮುತ್ತಿದ್ದರು. ಸದಾಶಿವಯ್ಯನವರನ್ನು ಕಂಡ ಕೂಡಲೇ ಮಂಗಳಮ್ಮ ಪಕ್ಕಕ್ಕೆ ಎತ್ತಿಟ್ಟಿದ್ದ ಕಟ್ಟನ್ನು ಅವರ ಕೈಗೆ ಕೊಟ್ಟಳು.

"ಬೇಗ ಬಂದ್ಬುಟ್ರಲ್ಲ ಸ್ವಾಮಿ. ಇವತ್ತು ನಾನು ಒತ್ತಾರೆಯೇ ಕಟ್ಕೊಂಡು ಓಯ್ತೀನಿ, ಆಫೀಸ್ಗೆ. ಸುಮ್ನೆ ನಿಂತ್ಕೊಂಡು ಬತ್ತೀನಿ ಅಷ್ಟೇಯ."

ಸದಾಶಿವಯ್ಯನವರು ಚಿಲ್ಲರೆ ಕೊಟ್ಟು, ಜನ ಸ್ವಲ್ಪ ಕರಗುವವರೆಗೆ ಕಾದು, ಪಂಚೆ ಮೇಲೆತ್ತಿ ಅವಳ ಎದುರು ಕುಕ್ಕರಗಾಲಲ್ಲಿ ಕೂತರು. ಎಂಟು ವರ್ಷದಲ್ಲಿ ಅವರು ಅಲ್ಲಿ ಕೂತದ್ದು ಅದೇ ಮೊದಲು.

"ಮಂಗಳಮ್ಮ, ನಿಮ್ಮೂರಿಗೆ ಸರ್ವೆಗೆ ಬಂದಿದ್ದು ನಾನು."

ಅವಳಿಗೆ ಅರ್ಥವಾಗಲಿಲ್ಲ. ನಕ್ಕಳು.

"ನಿಮ್ಮ ಮನೆಗೆ 'ವಾಸವಿಲ್ಲ' ಅಂತ ಬರೆದಿದ್ದು ನಾನು. ಬೀದಿಯ ಆಚೆ ನಿಂತು ಬರೆದೆ. ನೀವು ಹೊಲದಲ್ಲಿ ಇದ್ದೀರಿ ಅಂತ ಪಕ್ಕದ ಮನೆಯವರು ಹೇಳಿದರು. ಕೂಗಲಾ ಅಂದರು. ಬೇಡ ಅಂದೆ."

ಮಂಗಳಮ್ಮನ ಕೈ ಬುಟ್ಟಿಯೊಳಗೇ ನಿಂತಿತು.

"ಮುಳ್ಳು ನೋಡುದ್ರಾ?"

"ನೋಡಿದೆ."

"ಮುಳ್ಳು ಅಂದ್ರೆ ಏನು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ನಮ್ಮ ಮನೆಗೂ ಹಾಕಿದ್ದರು ಒಂದು ಸಲ. ನೀವು ಮುಳ್ಳು ತೆಗೆಯೋಕೆ ಮುಂಚೆಯೇ ನಾನು ಬರೆದಾಗಿತ್ತು. ನಿಮ್ಮಿಂದ ಏನೂ ಆಗಿಲ್ಲ ಮಂಗಳಮ್ಮ. ಯಾವ ದೋಷವೂ ಇಲ್ಲ. ನನ್ನಿಂದ ಆದದ್ದು."

ಹೂವಿನವನೊಬ್ಬ ಗಾಡಿ ತಳ್ಳಿಕೊಂಡು ದಾರಿ ಬಿಡಿ ಎಂದು ಕೂಗುತ್ತ ಹೋದ. ಮಂಗಳಮ್ಮ ಬಯ್ಯುತ್ತಾಳೆ, ಕೂಗಿ ಜನ ಸೇರಿಸುತ್ತಾಳೆ ಎಂದು ಅವರು ತಲೆ ತಗ್ಗಿಸಿ ಕಾದರು. ಹಾಗೆ ಮಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ, ಅಳಲೂ ಇಲ್ಲ. ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ಅವ್ರು ಇದ್ದಾಗ ಯೋಳ್ಬಾರ್ದಾಗಿತ್ತಾ ಸ್ವಾಮಿ?"

ಸದಾಶಿವಯ್ಯನವರು ಮನಸ್ಸಿನಲ್ಲೇ ಎಣಿಸಿದರು. ಎಂಟು ವರ್ಷ ಎಂದರೆ ನಾನೂರು ಸೋಮವಾರ. ಅದರಲ್ಲಿ ಮುನ್ನೂರು ಸೋಮವಾರ ಚಾಮಯ್ಯ ಇಲ್ಲೇ ಎರಡು ಬೀದಿಯ ಆಚೆ ಮೂಟೆ ಹೊರುತ್ತಿದ್ದ.

ಮಂಗಳಮ್ಮ ಕೈ ಚಾಚಿ ಅವರ ಕೈಯಲ್ಲಿದ್ದ ಪತ್ರೆಯ ಕಟ್ಟನ್ನು ವಾಪಸ್ಸು ತೆಗೆದುಕೊಂಡಳು. ಬುಟ್ಟಿಯೊಳಗೆ ಹಾಕಿದಳು. ಅವರು ಕೊಟ್ಟಿದ್ದ ಚಿಲ್ಲರೆಯನ್ನು ಗೋಣಿಯ ತುದಿಯಲ್ಲಿ ಇಟ್ಟಳು.

"ಅನ್ನೊಂದು ಗಂಟೆಗೆ ಬನ್ನಿ," ಎಂದಳು. "ಅಲ್ಲಿ ಬಂದು ಯೋಳಿ."

ಸದಾಶಿವಯ್ಯನವರು ಹೋದರು. ಪುನರ್ವಸತಿ ಕಚೇರಿಯ ಅಧಿಕಾರಿ ಚಿಕ್ಕ ವಯಸ್ಸಿನವನು, ಅವರ ಹೇಳಿಕೆಯನ್ನು ಎರಡು ಸಲ ಓದಿದ. ಅದು ಒಂದೂವರೆ ಪುಟವಿತ್ತು. ಒಳ್ಳೆಯ ಕಚೇರಿ ಕನ್ನಡದಲ್ಲಿ, ಒಂದು ಕಾಗುಣಿತ ತಪ್ಪಿಲ್ಲದೆ, ತಮ್ಮ ತಪ್ಪನ್ನು ಬರೆದಿದ್ದರು.

"ಇದನ್ನ ಆಗಲೇ ಯಾಕೆ ಕೊಡಲಿಲ್ಲ?"

"ಹೆದರಿಕೆ ಸ್ವಾಮಿ."

"ಈಗ ಹೆದರಿಕೆ ಇಲ್ವಾ?"

"ಇದೆ."

ಅಧಿಕಾರಿ ಕೆಳಗೆ ರುಜು ಹಾಕಿಸಿಕೊಂಡ. ಹೇಳಿಕೆ ಕಡತಕ್ಕೆ ಸೇರುತ್ತದೆ, ನಿವೇಶನದ ಆದೇಶ ಅದರ ಆಧಾರದ ಮೇಲೆ ಆಗುತ್ತದೆ, ಅವರ ಮೇಲೆ ಇಲಾಖೆಯ ವಿಚಾರಣೆಗೂ ಬರೆಯಬೇಕಾಗುತ್ತದೆ ಎಂದು ಮೂರನ್ನೂ ಒಂದೇ ದನಿಯಲ್ಲಿ ಹೇಳಿದ. ಮಂಗಳಮ್ಮ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಹೊರಗೆ ಬಂದಾಗ ಸದಾಶಿವಯ್ಯನವರು ಅವಳಿಗಾಗಿ ಮೆಟ್ಟಿಲ ಹತ್ತಿರ ನಿಂತರು. ಅವಳು ಅವರನ್ನು ದಾಟಿ, ಬಿಸಿಲಿನಲ್ಲಿ ಸೆರಗು ತಲೆಗೆ ಹಾಕಿಕೊಂಡು, ಮಂಡಿ ಮೊಹಲ್ಲಾದ ದಾರಿ ಹಿಡಿದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ನೋಡಬೇಕಾದ ಕಾರಣವೂ ಇರಲಿಲ್ಲ.

*

ಸಾಯಂಕಾಲ ಅವರು ಮಹಡಿ ಹತ್ತಿದಾಗ ಪಾರ್ವತಮ್ಮ ಆಗಲೇ ಅಲ್ಲಿದ್ದರು. ರಕ್ಷಿತಾ ಪರದೆಯ ಮುಂದೆ ಕಾಯುತ್ತಿದ್ದಳು. ಪಾರ್ವತಮ್ಮ ಕೇಳಿದ ಬಟನ್ನನ್ನು ಮಾಡಿಟ್ಟಿದ್ದಳು. 'ಮರುಎಣಿಕೆ' ಎಂದು ಅದರ ಮೇಲೆ ಬರೆದಿತ್ತು.

"ಹೇಳಿ ಸರ್. ಸಾವಿರಕ್ಕೆ ಎಷ್ಟು? ಸೊನ್ನೆನಾ?"

"ಒಂದು," ಎಂದರು ಸದಾಶಿವಯ್ಯ.

ಪಾರ್ವತಮ್ಮ ಗಂಡನ ಮುಖ ನೋಡಿದರು. ರಕ್ಷಿತಾ ಖುಷಿಯಿಂದ ಒಂದು ಎಂದು ಒತ್ತಿದಳು. "ಪರವಾಗಿಲ್ಲ, ಸೊನ್ನೆಗಿಂತ ವಾಸಿ. ಒಪ್ಪಿಕೊಳ್ಳೋಕೆ ಎಷ್ಟು ಸರದಿ ತಗೊಳ್ಳುತ್ತೆ ಅಂತ ಇಡಲಿ? ಎರಡು? ಮೂರು?"

"ಮೂರು ತಿಂಗಳಿಗೊಂದು ಸರದಿ ಅಲ್ವೇ?"

"ಹೌದು ಸರ್."

"ನಲವತ್ತೆಂಟು."

ರಕ್ಷಿತಾಳ ಬೆರಳು ನಿಂತಿತು. "ನಲವತ್ತೆಂಟಾ? ಹನ್ನೆರಡು ವರ್ಷ! ಆಟ ಇಪ್ಪತ್ತಕ್ಕೇ ಮುಗಿದುಹೋಗುತ್ತಲ್ಲ ಸರ್."

"ಮುಗಿಯುತ್ತೆ."

"ಹಾಗಾದ್ರೆ ಆಡುವವರಿಗೆ ಇದು ಗೊತ್ತೇ ಆಗೋದಿಲ್ವಲ್ಲ!"

"ಆಗೋದಿಲ್ಲ ಕಣಮ್ಮ," ಎಂದರು ಸದಾಶಿವಯ್ಯ. "ಚಾಮಯ್ಯನಿಗೂ ಗೊತ್ತಾಗಲಿಲ್ಲ."

"ಚಾಮಯ್ಯ ಯಾರು ಸರ್?"

ಪಾರ್ವತಮ್ಮ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಸದಾಶಿವಯ್ಯನವರು ಅದನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು, ಮೊದಲಿನಿಂದ ಹೇಳತೊಡಗಿದರು.